ತೊಳೆದು ಬಂದ ಡಬ್ಬಿ

"ಗ್ಯಾಸ್ ಆರಿಸ್ರೀ! ಮೊದ್ಲು ಗ್ಯಾಸ್ ಆರಿಸ್ರಿ!"

ಕೂಗುತ್ತಲೇ ಭೂಮಿಕಾ ಆ ಅಡುಗೆಮನೆಗೆ ನುಗ್ಗಿದಳು.

ಹೊಗೆಯೋ ಹೊಗೆ! ಒಲೆಯ ಮುಂದೆ ಬಾಗಿಲೆತ್ತರದ ಗಂಡಸೊಬ್ಬ ಸೌಟು ಹಿಡಿದು, ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ ನಿಂತಿದ್ದ. ಬಾಣಲೆಯಲ್ಲಿದ್ದ ರವೆ ಇದ್ದಿಲಾಗಿತ್ತು. ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಗ್ಯಾಸ್ ಆರಿಸಿದಳು. ಹೆಗಲ ಮೇಲಿದ್ದ ಟವಲಿನಿಂದ ಬಾಣಲೆ ಹಿಡಿದು ದಡ್ಡನೆ ಕೆಳಗಿಟ್ಟಳು.

"ಏನ್ ಮಾಡಾಕತ್ತಿದ್ರಿ?"

"ಉಪ್ಪಿಟ್ಟು..."

"ಇದು ಉಪ್ಪಿಟ್ಟಾ? ಇದನ್ನ ತೆಲಿಗಿ ರೋಡಿಗೆ ಹಾಕಿದ್ರ ಡಾಂಬರು ಉಳೀತಿತ್ತು!"

ಬಾಯಿಂದ ಮಾತು ಬಿದ್ದ ಮೇಲೆ ಅವಳಿಗೆ ತಾನೆಲ್ಲಿ ನಿಂತಿದ್ದೇನೆಂದು ಅರಿವಾಯಿತು. ಗೋಡೆಯ ಗೂಡಿನಲ್ಲಿ ವಿಭೂತಿ, ಬೆಳ್ಳಿಯ ಕರಡಿಗೆ, ಪುಟ್ಟ ದೀಪ. ಲಿಂಗಪೂಜೆ ನಡೆಯುವ ಮನೆಯ ಅಡುಗೆಮನೆ ಇದು! ಹಿತ್ತಲ ಕೋಣೆಗೆ ಬಾಡಿಗೆಗೆ ಬಂದು ಇನ್ನೂ ವಾರವೂ ಆಗಿಲ್ಲ. ಅಂಥದ್ದರಲ್ಲಿ ಹೇಳದೆ ಕೇಳದೆ ಒಳಗೆ ಬಂದುಬಿಟ್ಟಿದ್ದಾಳೆ...

ಅವನ ನೋಟ ನೇರವಾಗಿ ಅವಳ ಪಾದಗಳ ಮೇಲಿತ್ತು. ಭೂಮಿಕಾ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು.

"ಕಾಲು..." ಎಂದ ಅವನು.

"ತಪ್ಪಾತ್ರಿ. ಹೊಗಿ ನೋಡಿ ಗಾಬರಿಯಾಗಿ ಬಂದೆ. ಹೊರಗ ಹೋಗ್ತೀನಿ."

"ಅಲ್ರೀ, ಕಾಲಮ್ಯಾಲ ಬಿಸಿ ರವಿ ಬಿದ್ದೈತಿ. ಸುಡಾಕತ್ತಿಲ್ಲೇನು?"

ಆಗ ಉರಿ ಗೊತ್ತಾಯಿತು! ಅವನು ಆಗಲೇ ಬಗ್ಗಿ ಚೊಂಬಿನ ನೀರನ್ನು ಅವಳ ಪಾದಕ್ಕೆ ಸುರಿಯುತ್ತಿದ್ದ. ಅವನ ತಲೆಗೂದಲಲ್ಲೆಲ್ಲ ಮೆಕ್ಕೆಜೋಳದ ಹಳದಿ ದೂಳು. ಬೈಯಲು ಬಂದವಳಿಗೆ ಯಾಕೋ ಬೈಗುಳ ಮರೆತುಹೋಯಿತು.

ಅವನು ಕೊಟ್ರಸ್ವಾಮಿ. ಹರಪನಹಳ್ಳಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಅಪ್ಪ ಅಮ್ಮ ಇಟ್ಟಿಗಿ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರೆ, ಹರಪನಹಳ್ಳಿಯ ಈ ಮನೆಯಲ್ಲಿ ಅವನು ಮತ್ತು ಅವನ ಅಜ್ಜಿ ನಾಗಲಿಂಗಮ್ಮ ಇಬ್ಬರೇ. ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹೋಟೆಲಿನ ಅನ್ನ ಮುಟ್ಟದ ಹೆಂಗಸು. ಸುಗ್ಗಿ ಕಾಲ ಬೇರೆ, ಮೊಮ್ಮಗ ಅಂಗಡಿಯಿಂದ ಬರುವಷ್ಟರಲ್ಲಿ ಗವ್ವೆನ್ನುವ ಕತ್ತಲು. ಬಂದವನು ಬೇಯಿಸಿದ್ದು ಇದು!

"ಯಾರವ್ವಾ ಅದು?" ನಡುಮನೆಯಿಂದ ಅಜ್ಜಿಯ ದನಿ.

"ನಾನ್ರಿ ಅಜ್ಜಿ... ಹಿತ್ತಲ ಮನಿ ಭೂಮಿಕಾ."

"ಕಂಡಕ್ಟರ್ ಹುಡಿಗಿ ಏನು? ಯವ್ವಾ, ನಿನಗ ಪುಣ್ಯ ಬರ್ತೈತಿ, ಏನರ ಒಂದು ಬೇಯ್ಸಿ ಹಾಕು. ಈ ಮಾರಾಯ ಮನೀನ ಸುಡ್ತಾನ!"

ಭೂಮಿಕಾ ಕೊಟ್ರಸ್ವಾಮಿಯ ಮುಖ ನೋಡಿದಳು. ಅವನು ಸೌಟನ್ನು ಅವಳ ಕೈಗಿಟ್ಟ.

ಡಬ್ಬಗಳಲ್ಲಿ ತಡಕಾಡಿದಳು. ಹೆಸರುಬೇಳೆ, ಅಕ್ಕಿ ಸಿಕ್ಕವು. ಎರಡನ್ನೂ ತೊಳೆದು ಕುಕ್ಕರಿಗೆ ಸುರಿದು, ಅರಿಸಿನ ಹಾಕಿ ಒಲೆಗಿಟ್ಟಳು. ಸೀಟಿ ಕೂಗುವಷ್ಟರಲ್ಲಿ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಜಜ್ಜಿದ ಬೆಳ್ಳುಳ್ಳಿ ಚಟಪಟ ಎಂದವು. ಅಷ್ಟೇ! ಚಳಿಯ ಸಂಜೆ ದಣಿದು ಬಂದವರಿಗೆ ಇದಕ್ಕಿಂತ ಸುಲಭದ ಅಡುಗೆ ಇನ್ನೊಂದಿಲ್ಲ.

"ಇಷ್ಟ ಏನ್ರಿ?" ಕೊಟ್ರಸ್ವಾಮಿ ಬೆರಗಾಗಿ ಕೇಳಿದ.

"ಇಷ್ಟ. ಬಸ್ಸಿನಾಗ ದಿನಾ ಗಂಟಲು ಹರ್ಕೊಂಡು ಬಂದ ಮ್ಯಾಲ ಹೋಳಿಗಿ ಮಾಡಾಕ ಆಗತೈತೇನ್ರಿ?"

ಹೊರಡುವಾಗ ಅಜ್ಜಿ ತಡೆದಳು. "ನಿಮ್ಮವ್ವನ ಹೆಸರೇನವ್ವಾ?"

"ಜಂಬಮ್ಮ ರಿ. ಕೂಡ್ಲಿಗಿ ಕಡೆ."

ಅಜ್ಜಿ ಅರೆಗಳಿಗೆ ಸುಮ್ಮನಿದ್ದಳು. ಆಮೇಲೆ, "ನನ್ನ ಕೈ ಕೂಡೂ ತನಕ ರಾತ್ರಿ ಊಟ ಒಂದು ಡಬ್ಬಿಗೆ ಹಾಕಿ ಕೊಡ್ತೀಯೇನು? ಅಕ್ಕಿ, ಬ್ಯಾಳಿ ಇವನು ತಂದುಕೊಡ್ತಾನ," ಎಂದಳು.

ಭೂಮಿಕಾ ಹೂಂ ಎಂದಳು. ಯಾಕೆ ಎಂದಳೋ! ಅಂದು ಅವಳನ್ನು ಕೇಳಿದ್ದರೆ ಅಜ್ಜಿಯ ಮೇಲಿನ ಕನಿಕರ ಎನ್ನುತ್ತಿದ್ದಳು. ನಾವು ನಂಬಬೇಕಾಗಿಲ್ಲ.

ಅಲ್ಲಿಂದ ಶುರುವಾಯಿತು.

ಕತ್ತಲಾದ ಮೇಲೆ ಅವನು ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಬಾಗಿಲು ಬಡಿಯುತ್ತಿರಲಿಲ್ಲ. ಸುಮ್ಮನೆ ಕೆಮ್ಮುತ್ತಿದ್ದ.

"ಇವತ್ತೇನ್ರಿ ಕಂಡಕ್ಟರಮ್ಮ?"

"ಜುಣಕ. ರೊಟ್ಟಿ ದಪ್ಪ ಆಗ್ಯಾವ, ನನ್ನ ಬೈಬ್ಯಾಡ್ರಿ."

ಒಂದು ದಿನ ಟೊಮ್ಯಾಟೊ ಸಾರು, ಬಿಸಿ ಅನ್ನ. ಇನ್ನೊಂದು ದಿನ ಈರುಳ್ಳಿ ಹಾಕಿದ ಗೋಧಿ ರವೆಯ ಉಪ್ಪಿಟ್ಟು, ಮೇಲೆ ಶೇಂಗಾ ಪುಡಿ. ತೆಲಿಗಿ ದಾರಿಯಲ್ಲಿ ರಸ್ತೆಯ ತುಂಬ ಮೆಕ್ಕೆಜೋಳ ಹರಡಿ ಬಸ್ಸು ತಡವಾದ ದಿನ ಬರೀ ಅವಲಕ್ಕಿ ಒಗ್ಗರಣೆ. ಟಿಕೆಟ್ ಹರಿಯುತ್ತಲೇ ಅವಳು ಅಂದಿನ ಅಡುಗೆ ಯೋಚಿಸುತ್ತಿದ್ದಳು. ಒಮ್ಮೆ ತೆಲಿಗಿಯಲ್ಲಿ ಇಳಿಯುವ ಮುದುಕನನ್ನು "ಎಷ್ಟು ಹಸಿಮೆಣಸಿನಕಾಯಿ?" ಎಂದು ಕೇಳಿಬಿಟ್ಟಳು. ಬಸ್ಸೆಲ್ಲ ನಕ್ಕಿತು!

ಅವನಿಗೆ ಖಾರ ಹಿಡಿಸಿತೋ ಇಲ್ಲವೋ... ಅಜ್ಜಿಗೆ ಮೆತ್ತಗಾಯಿತೋ ಇಲ್ಲವೋ... ಒಳಗೊಳಗೇ ಹಂಬಲ. ಆದರೆ ಅವನು ಊಟದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಚೆನ್ನಾಗಿತ್ತು ಎಂದೂ ಇಲ್ಲ, ಚೆನ್ನಾಗಿರಲಿಲ್ಲ ಎಂದೂ ಇಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದರೆ ಸ್ಟೀಲ್ ಡಬ್ಬಿ ಅವಳ ಬಾಗಿಲ ಕಟ್ಟೆಯ ಮೇಲಿರುತ್ತಿತ್ತು. ಒಂದು ಅಗುಳಿಲ್ಲ. ಅರಿಸಿನದ ಕಲೆಯಿಲ್ಲ. ಮುಚ್ಚಳದ ಅಂಚಿನಲ್ಲೂ ಏನೂ ಇಲ್ಲ. ಥಳಥಳ!

ಅದನ್ನು ಕಂಡಾಗಲೆಲ್ಲ ಭೂಮಿಕಾಳಿಗೆ ಹಳೆಯದೊಂದು ಡಬ್ಬಿ ನೆನಪಾಗುತ್ತಿತ್ತು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಅವ್ವ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯನ್ನು ಡಬ್ಬಿಗೆ ಹಾಕಿಕೊಂಡು ಗೆಳತಿಯ ಮನೆಗೆ ಕೊಟ್ಟು ಬಂದಿದ್ದಳು. ಸಂಜೆ ಡಬ್ಬಿ ತೊಳೆದು ಬಂತು. ಹೀಗೇ ಥಳಥಳ. ಮರುದಿನ ಶಾಲೆಗೆ ಹೋಗುವಾಗ ಆ ಮನೆಯ ತಿಪ್ಪೆಯ ಮೇಲೆ ಅವ್ವನ ರೊಟ್ಟಿಗಳನ್ನು ಕೋಳಿಗಳು ಕುಕ್ಕುತ್ತಿದ್ದವು. ಅವ್ವನಿಗೆ ಅವಳು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

'ಇವರು ಹಂಗಲ್ಲ,' ಎಂದು ಮನಸ್ಸಿಗೆ ಹೇಳಿಕೊಂಡಳು. 'ಅವನು ಹಂಗಲ್ಲ...'

ಹಾಗಿರುವಾಗ ಹಡಗಲಿಯಿಂದ ಸುಮಲತಾ ಬಂದಳು. ನಾಗಲಿಂಗಮ್ಮನ ಮಗಳು, ಕೊಟ್ರಸ್ವಾಮಿಯ ಸೋದರತ್ತೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಭೂಮಿಕಾಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀನಾ ಊಟ ಮಾಡಿಕೊಡಾಕಿ? ಯಾವ ಪೈಕಿ ಅವ್ವಾ ನೀವು?"

ಭೂಮಿಕಾ ಬಟ್ಟೆ ಕೆಳಗಿಟ್ಟಳು. ಸುಳ್ಳು ಹೇಳುವ ಹೆಣ್ಣಲ್ಲ ಅವಳು. "ನಾಯಕರು ರಿ."

ಸುಮಲತಾಳ ಮುಖ ಬದಲಾಯಿತು. ದನಿ ಮಾತ್ರ ಬೆಣ್ಣೆ.

"ತಪ್ಪು ತಿಳ್ಕೊಬ್ಯಾಡ. ನಮ್ಮವ್ವ ಲಿಂಗಕ್ಕ ತೋರ್ಸಿ ಉಣ್ಣಾಕಿ. ನಿನ್ನ ಕೈದು ಆಕಿ ಗಂಟಲಾಗ ಇಳೀತೈತೇನು? ಮುಖದ ಮ್ಯಾಲ ಹೇಳಾಕ ಅವರಿಗೆ ಸಂಕೋಚ. ಡಬ್ಬಿ ತೊಳ್ದು ತಿಕ್ಕಿ ಕೊಡ್ತಾರಲ್ಲ... ಅದರಾಗ ತಿಳ್ಕಬೇಕವ್ವಾ, ಶಾಣ್ಯಾಕಿ ಅದೀ."

ಆಕೆ ಮಧ್ಯಾಹ್ನದ ಬಸ್ಸಿಗೆ ಹಡಗಲಿಗೆ ಹೊರಟುಹೋದಳು. ಹಾಕಿದ ಕಿಡಿ ಇಲ್ಲೇ ಉಳಿಯಿತು.

ಅಂದು ಸಂಜೆ ಕೊಟ್ರಸ್ವಾಮಿ ಎಂದಿನಂತೆ ಕೆಮ್ಮಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಕೆಮ್ಮಿದ. ಆಗ ತೆರೆಯಿತು. ಭೂಮಿಕಾಳ ಕೈಯಲ್ಲಿ ಡಬ್ಬಿ ಇರಲಿಲ್ಲ.

"ಇವತ್ತು ಮಾಡಿಲ್ಲ."

"ಆರಾಮಿಲ್ಲೇನ್ರಿ? ದವಾಖಾನಿಗೆ ಹೋಗಾಣ ನಡೀರಿ."

"ಆರಾಮದೀನಿ. ನಾಳಿಗೆ ಕೊನೀದು. ಆಮ್ಯಾಲ ಬ್ಯಾರೆ ಯಾರಿಗಾದ್ರೂ ಹೇಳ್ಕಳ್ರಿ. ಈ ತಿಂಗಳಿಗೆ ಮನೀನೂ ಬಿಡ್ತೀನಿ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಯಾಕ್ರಿ? ಏನಾತು?"

"ಡಬ್ಬಿ ತೊಳ್ದು ಕೊಟ್ರಲ್ಲ... ಸಾಕು. ನನಗ ಅರ್ಥಾತು."

ಕೊಟ್ರಸ್ವಾಮಿ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ, ಪಾಪ, ಅವನ ಮುಖದಲ್ಲಿ ನಾಚಿಕೆ ಮೂಡಿತು. ತಲೆ ತಗ್ಗಿಸಿ ಮೆಲ್ಲಗೆ ಕೇಳಿದ. "ಅರ್ಥಾತಾ? ನಾನು... ಹೇಳಬೇಕಂತನ ಇದ್ದೆ. ಧೈರ್ಯ ಬರ್ಲಿಲ್ರಿ."

ಅಯ್ಯೋ! ಅವನು ಯಾವುದರ ಬಗ್ಗೆ ಹೇಳುತ್ತಿದ್ದ, ಅವಳು ಯಾವುದೆಂದು ತಿಳಿದಳು! ಅವನ ಬಾಯಿಂದಲೇ ಒಪ್ಪಿಗೆ ಬಂತು ಎಂದುಕೊಂಡಳು ಅವಳು. ಎದೆ ಒಡೆದುಹೋಯಿತು.

"ಹೇಳೂದೇನೂ ಉಳಿದಿಲ್ಲ. ಹೋಗ್ರಿ."

ಬಾಗಿಲು ಮುಚ್ಚಿತು. ಅವನು ಕತ್ತಲಲ್ಲಿ ಬಹಳ ಹೊತ್ತು ನಿಂತಿದ್ದ. ಒಳಗೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವ್ವನಿಗೆ ಫೋನ್ ಹಚ್ಚಿದಳು, "ಉಂಡ್ಯಾ?" ಎಂದು ಕೇಳಿ ಇಟ್ಟುಬಿಟ್ಟಳು. ಇದೂ ಹೇಳಲಾಗಲಿಲ್ಲ.

ಮರುದಿನ ಸಂಜೆ ಊರಿಗೆಲ್ಲ ಕರೆಂಟು ಹೋಗಿತ್ತು. ಮೈ ಕೊರೆಯುವ ಗಾಳಿ. ಭೂಮಿಕಾ ಮೊಬೈಲಿನ ಬೆಳಕಿನಲ್ಲಿ ಕುಕ್ಕರ್ ಇಟ್ಟಳು. ಹೆಸರುಬೇಳೆ, ಅಕ್ಕಿ, ಅರಿಸಿನ. ಮೊದಲ ದಿನದ ಅದೇ ಕಿಚಡಿ.

ಉಪ್ಪಿನ ಡಬ್ಬ ಕೈಗೆ ಬಂತು. ಒಂದು ಚಮಚ ಹಾಕಿದಳು. ಕೈ ಅಲ್ಲೇ ನಿಂತಿತು.

'ಹೆಂಗೂ ತಿಪ್ಪಿಗೆ ಹೋಗೂದು. ಉಪ್ಪಿದ್ರೇನು, ಬಿಟ್ರೇನು?'

ಇನ್ನೊಂದು ಚಮಚ. ಮತ್ತೊಂದು. ಕಣ್ಣೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ. ಉಪ್ಪೆಲ್ಲ ಕರಗುವವರೆಗೆ ತಿರುವಿ ಡಬ್ಬಿಗೆ ತುಂಬಿದಳು. ಅವನು ಬಂದಾಗ ಮುಖ ನೋಡದೆ ಕೊಟ್ಟಳು. ನಿನ್ನೆಯಿಂದ ಅವನಿಗೂ ನಿದ್ದೆಯಿಲ್ಲ ಎಂದು ಅವನ ಕಣ್ಣುಗಳೇ ಹೇಳುತ್ತಿದ್ದವು. ಅವಳು ನೋಡಿದ್ದರೆ ತಾನೇ!

ಅವನು ಒಳಗೆ ಹೋದದ್ದೇ ತಡ, ಭೂಮಿಕಾ ಚಪ್ಪಲಿ ಬಿಟ್ಟು ಹಿತ್ತಲಿಗೆ ಬಂದಳು. ಚೆಲ್ಲುವುದಕ್ಕೆ ಇದೇ ಬಾಗಿಲಿಂದ ಬರಬೇಕು. ಬರಲಿ. ಕೈಯಲ್ಲಿ ಡಬ್ಬಿ ಇರುವಾಗಲೇ ಎದುರಿಗೆ ನಿಲ್ಲುತ್ತೇನೆ. ಅವ್ವನ ರೊಟ್ಟಿಗೆ ಕೇಳದೆ ಬಿಟ್ಟ ನ್ಯಾಯ ಇವತ್ತು ಕೇಳುತ್ತೇನೆ!

ಅಡುಗೆಮನೆಯ ಕಿಟಕಿ ಅರ್ಧ ತೆರೆದಿತ್ತು. ಒಳಗೆ ಎಣ್ಣೆ ದೀಪ. ಅವಳು ಗೋಡೆಗೆ ಅಂಟಿ ನಿಂತಳು. ಹಲ್ಲು ಕಟಕಟ ಎನ್ನುತ್ತಿದ್ದವು. ಚಳಿಗೋ ಸಿಟ್ಟಿಗೋ ಅವಳಿಗೇ ಗೊತ್ತಿಲ್ಲ.

ಅಜ್ಜಿ ಚಾಪೆಯ ಮೇಲೆ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಕೊಟ್ರಸ್ವಾಮಿ ಡಬ್ಬಿ ತೆರೆದು ಕಿಚಡಿಯನ್ನು ಎರಡು ಗಂಗಾಳಕ್ಕೆ ಬಡಿಸಿದ. ಒಂದು ಗಂಗಾಳ ಎತ್ತಿ ಅಜ್ಜಿಯ ಅಂಗೈಯ ಮುಂದೆ ಹಿಡಿದ. ಅಜ್ಜಿ ಕಣ್ಣು ಮುಚ್ಚಿ ಲಿಂಗಕ್ಕೆ ತೋರಿಸಿದಳು.

ಭೂಮಿಕಾ ಕಿಟಕಿಯತ್ತ ಇನ್ನಷ್ಟು ಬಾಗಿದಳು. ತನ್ನ ಅನ್ನ! ತನ್ನ ಕೈಯ ಅನ್ನ ಆ ಲಿಂಗದ ಮುಂದೆ!

ಲಿಂಗವನ್ನು ಕರಡಿಗೆಗೆ ಇಟ್ಟ ಮೇಲೆ ಕೊಟ್ರಸ್ವಾಮಿ ಅಜ್ಜಿಗೆ ಒಂದು ತುತ್ತು ಉಣಿಸಿದ. ಅಜ್ಜಿಯ ಮುಖ ಕಿವುಚಿತು. ಅವನೂ ಒಂದು ತುತ್ತು ಬಾಯಿಗಿಟ್ಟು ತಟ್ಟನೆ ತಲೆ ಎತ್ತಿದ.

"ಅಜ್ಜಿ, ಉಗುಳು! ಉಪ್ಪು ಸುರದೈತಿ. ನೀ ಬಿಡು, ಹಾಲು ಕಾಸಿ ಕೊಡ್ತೀನಿ."

"ಲಿಂಗಕ್ಕ ತೋರ್ಸಿ ಆತು. ಪ್ರಸಾದ ಅದು. ಉಗುಳೂದು, ಬಿಡೂದು ನನ್ನ ಜನ್ಮದಾಗ ಇಲ್ಲ. ಉಣ್ಸು."

"ಬ್ಯಾಡ ಅಂದ್ರ ಕೇಳು..."

"ಉಪ್ಪು ಹೆಚ್ಚಾಗಿಲ್ಲಲೇ, ಆ ಹುಡಿಗಿ ಮನಸ್ಸಿಗೆ ಏನೋ ನೋವಾಗೈತಿ. ಕೈ ಅದಕ್ಕ ತಪ್ಪೈತಿ. ಉಂಡು ಹೋಗಿ ಕೇಳಾಣ."

ಅಜ್ಜಿ ನೀರು ಕುಡಿಯುತ್ತ ಇನ್ನೊಂದು ತುತ್ತು ನುಂಗಿದಳು. ಕಣ್ಣಲ್ಲಿ ನೀರು ಬಂತು. ಕೊಟ್ರಸ್ವಾಮಿ ಅಜ್ಜಿಯ ಗಂಗಾಳದಲ್ಲಿದ್ದದ್ದನ್ನೂ ತನ್ನ ಗಂಗಾಳಕ್ಕೆ ಸುರಿದುಕೊಂಡು ಗಬಗಬ ತಿನ್ನತೊಡಗಿದ. ಅಜ್ಜಿಗೆ ಉಳಿಯಬಾರದು ಎಂದು! ಆಮೇಲೆ ಖಾಲಿ ಡಬ್ಬಿಗೆ ನೀರು ಹಾಕಿ, ಬೆರಳಿನಿಂದ ಅಂಚೆಲ್ಲ ಬಳಿದು, ಆ ನೀರನ್ನು ತನ್ನ ಬಾಯಿಯ ಹತ್ತಿರ ಒಯ್ದ...

ಚೆಲ್ಲುವುದಕ್ಕಲ್ಲ. ಕುಡಿಯುವುದಕ್ಕೆ!

ಡಬ್ಬಿ ಥಳಥಳ ಹೊಳೆಯುತ್ತಿದ್ದದ್ದು ಹೀಗೆ. ಒಂದು ಅಗುಳೂ, ಅದನ್ನು ತೊಳೆದ ನೀರೂ ನೆಲಕ್ಕೆ ಬೀಳದ ಹಾಗೆ...

"ಬ್ಯಾಡ್ರೀ! ಕುಡೀಬ್ಯಾಡ್ರಿ!"

ಭೂಮಿಕಾ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದವಳು ಮೊದಲ ದಿನದಂತೆಯೇ ಆ ಅಡುಗೆಮನೆಗೆ ನುಗ್ಗಿದಳು. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡು ಎದೆಗವುಚಿ ಕುಸಿದಳು.

"ಕೈ ತಪ್ಪಿಲ್ರಿ... ನಾನ ಬೇಕಂತ ಹಾಕೀನಿ. ನೀವು ಚೆಲ್ತೀರಿ ಅಂತ... ನನ್ನ ಕೈದು ಅಂತ ತಿಪ್ಪಿಗೆ ಹಾಕ್ತೀರಿ ಅಂತ... ಅಜ್ಜಿ, ನನ್ನ ಹೊಡೀರಿ!"

ಕೊಟ್ರಸ್ವಾಮಿಯ ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಎಡಗೈ ಚಾಚಿ ಅವಳ ಗದ್ದ ಹಿಡಿದು ಮೇಲೆತ್ತಿದಳು.

"ಯಾರಂದ್ರು ನಿನಗ? ಸುಮಲತಾ ಏನು?"

ಭೂಮಿಕಾ ತಲೆ ತಗ್ಗಿಸಿದಳು. ಅಜ್ಜಿಗೆ ಅಷ್ಟೇ ಸಾಕಾಯಿತು.

"ಹುಚ್ಚಿ! ಮೊದಲನೇ ದಿನಾನ ನಿಮ್ಮವ್ವನ ಹೆಸರು ಕೇಳಿದ್ನೋ ಇಲ್ಲೋ? ಕೂಡ್ಲಿಗಿ ಕಡೆ ಜಂಬಮ್ಮ ಅಂದ್ರ ಯಾರ ಪೈಕಿ ಅಂತ ಈ ವಯಸ್ಸಿಗೆ ನನಗ ತಿಳೀದೇನು? ತಿಳ್ಕಂಡ ಡಬ್ಬಿ ಕೇಳೀನಿ. ಅರೆಗಳಿಗಿ ಯೋಚನಿ ಮಾಡ್ದೆ, ಸುಳ್ಳು ಹೇಳಂಗಿಲ್ಲ. ಆಮ್ಯಾಲ ನನಗ ನಾಚಿಕಿ ಬಂತು. ಹಸದಾಗ ಓಡಿಬಂದು ಬೇಯ್ಸಿ ಹಾಕಿದ ಕೈಯಾಗ ಏನು ಹುಡುಕಾಕತ್ತೀಯೇ ನಾಗಲಿಂಗಿ ಅಂತ."

ಭೂಮಿಕಾ ಡಬ್ಬಿ ಕೆಳಗಿಟ್ಟು, ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವ್ವನ ರೊಟ್ಟಿಯ ಕಥೆ ಮೊದಲ ಬಾರಿಗೆ ಬಾಯಿಂದ ಹೊರಗೆ ಬಂತು. ಅಜ್ಜಿ ಅವಳ ಬೆನ್ನು ಸವರುತ್ತ ಕೇಳಿದಳು. ಮುಗಿದ ಮೇಲೆ ಗೋಡೆ ಹಿಡಿದು ಎದ್ದಳು.

"ನಾನು ಮಲಗ್ತೀನಿ. ಸುಮಲತಾಗ ನಾಳಿ ಫೋನಿನ್ಯಾಗ ಚಳಿ ಬಿಡಿಸ್ತೀನಿ. ಏ ಸ್ವಾಮಿ, ನಿನ್ನೆಯಿಂದ ಮುಖ ಉಬ್ಬಿಸ್ಕಂಡು ಅಡ್ಯಾಡಾಕತ್ತೀಯಲ್ಲ, ಈಗರ ಬಾಯಿ ಬಿಡು. ನಿಮ್ಮಪ್ಪಗ ನಾನು ಹೇಳ್ತೀನಿ. ನನ್ನ ಹೊಟ್ಟ್ಯಾಗ ಹುಟ್ಟಿದಾವ, ಎಲ್ಲಿಗೆ ಹೋಗ್ತಾನ?"

ಅಜ್ಜಿ ನಡುಮನೆಗೆ ಹೋದಳು. ದೀಪದ ಬೆಳಕಲ್ಲಿ ಇಬ್ಬರೇ ಉಳಿದರು.

"ನಿನ್ನೆ... ಧೈರ್ಯ ಬರ್ಲಿಲ್ಲ ಅಂದ್ರಲ್ಲ," ಭೂಮಿಕಾ ಕಣ್ಣೊರೆಸಿಕೊಂಡು ಕೇಳಿದಳು. "ಏನು ಹೇಳಾಕ?"

ಕೊಟ್ರಸ್ವಾಮಿ ನೆಲ ನೋಡಿದ. ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಮಾಲು ಮಾರುವವನ ದನಿ ಇಲ್ಲಿ ಪಿಸುಮಾತಾಯಿತು.

"ಪ್ರಸಾದ ಚೆಲ್ಲಬಾರದು ಅಂತ ಅಜ್ಜಿ ಮೊದ್ಲಿಂದಾನೂ ಗಂಗಾಳ ತೊಳ್ದು ಕುಡೀತಾಳ. ನಾನು ಕುಡೀತಿರ್ಲಿಲ್ಲ. ಅದೇನು ಹಳೇ ಕಾಲದ್ದು ಅಂತ ಆಕೀನ ಆಡಿಕೊಂಡು ನಗ್ತಿದ್ದೆ." ಅವನು ನೆಲದ ಮೇಲಿದ್ದ ಡಬ್ಬಿಯ ಕಡೆ ನೋಡಿದ. "ನಿಮ್ಮ ಡಬ್ಬಿ ಬರಾಕ ಹತ್ತಿದ ಮ್ಯಾಲ ಶುರು ಮಾಡ್ದೆ. ಒಂದು ಅಗುಳು ಬಿಡಾಕ ಮನಸ್ಸು ಬರ್ತಿರ್ಲಿಲ್ಲ. ಊಟ ಹೆಂಗಿತ್ತು ಅಂತ ಬಾಯಿಲೆ ಹೇಳಾಕ ಹೋದ್ರ, ಅದರ ಹಿಂದ ಇನ್ನೊಂದು ಮಾತೂ ಬಂದುಬಿಡ್ತೈತಿ ಅಂತ ಅಂಜಿಕಿ. ಡಬ್ಬಿ ನೋಡಿ ನಿಮಗ ಅರ್ಥಾಗಿರ್ತೈತಿ ಅಂದ್ಕಂಡಿದ್ದೆ..."

"ಅಷ್ಟು ದೊಡ್ಡ ಬಾಯಿ ಐತಿ. ಅದನ್ನ ಬಿಟ್ಟು ಡಬ್ಬಿಲೇ ಹೇಳ್ತೀರೇನ್ರಿ?"

"ಈಗ ಬಾಯಿಲೇ ಹೇಳ್ತೀನಿ. ಮನಿ ಬಿಟ್ಟು ಹೋಗಬ್ಯಾಡ ಭೂಮಿ. ಹಿತ್ತಲ ಬಾಗಿಲಾಗ ನಿಂತು ಕೆಮ್ಮಿ ಕೆಮ್ಮಿ ಸಾಕಾಗೈತಿ. ನಿನ್ನ ಜೋಡಿ ಕುಂತು ಉಣ್ಣಬೇಕು. ಎಲ್ಲರ ಮುಂದ. ದಿನಾ."

ಹಾಗೆಂದದ್ದೇ ಅವನಿಗೆ ಬಿಕ್ಕಳಿಕೆ ಹತ್ತಿತು. ಉಪ್ಪಿನ ಪ್ರತಾಪ! ಭೂಮಿಕಾ ಅಳುತ್ತಲೇ ನಕ್ಕು, ಚೊಂಬು ತುಂಬ ನೀರು ತಂದು ಅವನ ಕೈಗಿಟ್ಟಳು. ಚೊಂಬಿನ ಜೊತೆ ಅವಳ ಬೆರಳುಗಳನ್ನೂ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಅವ್ವನ್ನ ಕೇಳಬೇಕು," ಎಂದಳು ಮೆಲ್ಲಗೆ.

"ನಾನ ಕೂಡ್ಲಿಗಿಗೆ ಬರ್ತೀನಿ. ಅಜ್ಜೀನೂ ಬರ್ತಾಳ. ಅವ್ವ ಸಜ್ಜಿ ರೊಟ್ಟಿ ಮಾಡ್ತಾರೇನು?"

ಭೂಮಿಕಾ ಮತ್ತೆ ಕಣ್ಣೊರೆಸಿಕೊಂಡಳು. ಹೂಂ ಎಂದು ತಲೆಯಾಡಿಸಿದಳು. ಹೊರಗೆ ಕರೆಂಟು ಬಂದು, ಕೇರಿಯ ಹುಡುಗರೆಲ್ಲ ಹೋ ಎಂದು ಕೂಗಿದರು.

"ಮತ್ತ... ನಾಳಿ ಸಂಜಿಗೆ ಏನ್ ಮಾಡ್ತೀ?" ಅವನು ಕೇಳಿದ.

"ನಾನಲ್ಲ, ನೀವು ಮಾಡೂದು. ಉಪ್ಪಿಟ್ಟು."

"ಸುಟ್ಟು ಕರ್ರಗಾಗ್ತೈತಿ ನೋಡು!"

ಭೂಮಿಕಾ ನೆಲದ ಮೇಲಿದ್ದ ಡಬ್ಬಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಆಗ್ಲಿ. ನಾನೂ ತೊಳ್ದು ಕುಡೀತೀನಿ."